ಮಾರ್ಚ್ ಕೊನೆಯ ನಿಟ್ಟುಸಿರು

ಸರ್ಕಾರ ನಡೆಯುತ್ತಿದ್ದುದೇ ಜನರ ನಿಟ್ಟುಸಿರಿನ ಮೇಲೆ. ಮನೆಮನೆಯ ಬಾಗಿಲಿಗೂ ಒಂದು ಮೀಟರು, ಬಿಟ್ಟ ಒಂದೊಂದು ನಿಟ್ಟುಸಿರಿಗೂ ಇಷ್ಟು ಅಂತ ತೆರಿಗೆ.

ಇವತ್ತು ಮಾರ್ಚ್ ಮೂವತ್ತೊಂದು. ಇನ್ಸ್‌ಪೆಕ್ಟರ್ ತೋಂಟದಾರ್ಯನ ವಾರ್ಡು ಗುರಿ ಮುಟ್ಟಲು ಇನ್ನೊಂದೇ ಒಂದು ನಿಟ್ಟುಸಿರು ಬೇಕಿತ್ತು. ಮುಟ್ಟದಿದ್ದರೆ ವರ್ಗಾವಣೆ ಖಾತ್ರಿ. ಎಲ್ಲ ಆ ನೀರು ಸರಬರಾಜಿನವರಿಂದ ಆದದ್ದು. ವರ್ಷವಿಡೀ ಸತಾಯಿಸಿದವರು ಇವತ್ತೇ ನಲ್ಲಿಗೆ ನೀರು ಬಿಟ್ಟು ಬೀದಿಗೆ ಬೀದಿಯನ್ನೇ ಖುಷಿಪಡಿಸಿ ಕೂತಿದ್ದರು.

ಕೊನೆಯ ಮನೆಯ ಸಾವಂತ್ರಮ್ಮ ಅಂಗಳದಲ್ಲಿ ಸಂಡಿಗೆ ಇಡುತ್ತಿದ್ದಳು.

“ಈರುಳ್ಳಿ ಗಗನಕ್ಕೇರಿದೆಯಲ್ಲಮ್ಮ?” ಎಂದು ತೋಂಟದಾರ್ಯ ಕೆಣಕಿದ.

“ನಾನು ತಿನ್ನೋದೇ ಬಿಟ್ಟೆ.”

“ಮಗಳ ಮದುವೆ?”

“ಅವಳೇ ಮಾಡ್ಕೊಂಡ್ಳು. ಖರ್ಚೂ ಉಳೀತು.”

ತೋಂಟದಾರ್ಯ ಜಗಲಿಯ ಮೇಲೆ ಕುಸಿದ. ತಾನೇ ಒಂದು ಬಿಡೋಣವೆಂದರೆ ಸರ್ಕಾರಿ ನೌಕರರ ನಿಟ್ಟುಸಿರಿಗೆ ವಿನಾಯಿತಿ. ಮೀಟರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದು.

“ಗಡಿ ಕಡೆಗೆ ಎತ್ತಿ ಹಾಕ್ತಾರಮ್ಮ,” ಎಂದ. “ಹೆಂಡತಿಗೀಗ ಎಂಟು ತಿಂಗಳು. ನೋಡ್ಕೊಳ್ಳೋರು ಯಾರಿದ್ದಾರೆ?” ಈ ಮಾತನ್ನು ಅವನಿಗೆ ಇಲಾಖೆ ಕಲಿಸಿಕೊಟ್ಟಿರಲಿಲ್ಲ.

ಸಾವಂತ್ರಮ್ಮನ ಕೈ ನಿಂತಿತು. “ಅಯ್ಯೋ ಪಾಪ!” ಎಂದು ಎದೆಯಾಳದಿಂದ ನಿಟ್ಟುಸಿರು ಬಿಟ್ಟಳು.

ಮೀಟರು ಟಿಂಗ್ ಎಂದಿತು. ತೋಂಟದಾರ್ಯ ಕಣ್ಣೊರೆಸಿಕೊಂಡು ರಸೀದಿ ಹರಿದು ಕೊಟ್ಟ.

“ಇದೇನಪ್ಪ, ದುಪ್ಪಟ್ಟು ಹಾಕಿದ್ದೀಯ?”

“ನಿಮ್ಮ ಕಷ್ಟಕ್ಕೆ ಬಿಟ್ಟಿದ್ರೆ ಮಾಮೂಲಿ ದರ ಅಮ್ಮ. ಬೇರೆಯವರಿಗಾಗಿ ಮರುಗೋದು ಐಷಾರಾಮದ ಪಟ್ಟೀಲಿದೆ.”