ಅರವತ್ತು ಡಿಗ್ರಿ

ಮನೆಯಾಕೆ ಸ್ವೆಟರನ್ನು ಮೆಕ್ಯಾನಿಕ್‌ನ ಮೂಗಿಗೇ ಹಿಡಿದಳು. ಎತ್ತರದ ಗಂಡಸೊಬ್ಬನ ಉಣ್ಣೆಯ ಸ್ವೆಟರ್, ಈಗ ಮೂರು ವರ್ಷದ ಮಗುವಿಗೂ ಬಿಗಿಯಾಗುವಂತಿತ್ತು.

“ನೋಡಿ, ನಿಮ್ಮ ವಾಷಿಂಗ್ ಮೆಷಿನ್ ಮಾಡಿರೋ ಘನಕಾರ್ಯ. ನಮ್ಮ ಯಜಮಾನ್ರದ್ದು. ಅವರು ಹೋಗಿ ಎಂಟು ತಿಂಗಳಾಯ್ತು, ಚಳಿಗೆ ನಾನೇ ಹಾಕ್ಕೋತಿದ್ದೆ. ಇಂಥದ್ದು ಇನ್ನೊಂದೇ ಉಳಿದಿರೋದು. ಅದನ್ನ ಇದರೊಳಗೆ ಹಾಕೋಕೆ ಕೈ ಬರ್ತಿಲ್ಲ.”

ಮೆಕ್ಯಾನಿಕ್ ಮೆಷಿನ್ನಿನ ಗುಂಡಿ ನೋಡಿದ. ಅದು ಅರವತ್ತು ಡಿಗ್ರಿಯಲ್ಲಿ ನಿಂತಿತ್ತು. “ಉಣ್ಣೆಗೆ ಮೂವತ್ತು ದಾಟಬಾರ್ದು ಅಮ್ಮಾ.”

“ಹನ್ನೊಂದು ವರ್ಷದಿಂದ ಅರವತ್ತರಲ್ಲೇ ಒಗೀತಿದೀನಿ, ಈ ಸ್ವೆಟರನ್ನೂ ಸೇರಿಸಿ. ಒಂದು ಎಳೆ ಕುಗ್ಗಿರ್ಲಿಲ್ಲ. ಬಿಸಿ ಅಳೆಯೋ ಸೆನ್ಸರ್ ಕೆಟ್ಟಿದೆ, ನೀರನ್ನ ಕುದಿಸಿಬಿಟ್ಟಿದೆ. ಅಷ್ಟು ನನಗೂ ಗೊತ್ತಾಗತ್ತೆ.”

ಈ ಲೆಕ್ಕ ಅವನ ಗಂಟಲಲ್ಲಿ ಇಳಿಯಲಿಲ್ಲ. ಆದರೂ ವಾದಕ್ಕಿಳಿಯದೆ ಮೆಷಿನ್ನನ್ನು ಗೋಡೆಯಿಂದ ಈಚೆಗೆಳೆದು ಹಿಂಬದಿಯ ತಗಡು ಬಿಚ್ಚಿದ. ಪೆನ್ಸಿಲಿನ ತುದಿಯಷ್ಟಿದ್ದ ಸೆನ್ಸರನ್ನು ಹೊರತೆಗೆದು, ಒಂದು ಲೋಟ ತಣ್ಣೀರು, ಒಂದು ಲೋಟ ಬಿಸಿನೀರು ಕೇಳಿದ. ಎರಡರಲ್ಲೂ ಥರ್ಮಾಮೀಟರ್ ಇಟ್ಟು, ಸೆನ್ಸರನ್ನು ಅದ್ದಿ ಅದ್ದಿ ಮೀಟರ್ ಹಿಡಿದ. ಫೋನಿನಲ್ಲಿದ್ದ ಕಂಪನಿಯ ಪಟ್ಟಿಯ ಅಂಕಿಗೂ ಮೀಟರಿನ ಅಂಕಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

“ಸೆನ್ಸರ್ ಗುಂಡುಕಲ್ಲಿನ ಹಾಗಿದೆ” ಎಂದವನು ತಂತಿಯ ಗುಂಟ ಟಾರ್ಚ್ ಬಿಟ್ಟು, ಒಂದು ಕಡೆ ತಡೆದು ನಿಂತ. ಅಕ್ಕಿಕಾಳಿನ ಗಾತ್ರದ ರೆಸಿಸ್ಟರ್ ಒಂದು ಅಲ್ಲಿ ನೇತಾಡುತ್ತಿತ್ತು. ಒಂದು ತುದಿಯ ಬೆಸುಗೆ ಬಿಟ್ಟುಹೋಗಿತ್ತು. “ಇದು ಕಂಪನಿಯದಲ್ಲ, ಯಾರೋ ಬೇಕು ಅಂತಾನೇ ಸೇರ್ಸಿರೋದು. ಇದಿದ್ರೆ ನೀರು ಮೂವತ್ತಕ್ಕೆ ಬಂದಾಗಲೇ ಮೆಷಿನ್ ಅರವತ್ತಾಯ್ತು ಅಂದ್ಕೊಂಡು ಕಾಯಿಸೋದು ನಿಲ್ಲಿಸತ್ತೆ. ಈ ಬೆಸುಗೆ ಮೊನ್ನೆ ಬಿಟ್ಟಿರಬೇಕು. ನಿಮ್ಮ ಬಟ್ಟೆ ನಿಜವಾಗಿ ಅರವತ್ತು ಕಂಡಿದ್ದು ಇದೇ ಮೊದಲು ಅಮ್ಮಾ.”

ಆಕೆ ಬಗ್ಗಿ ನೋಡಿದಳು. ರೆಸಿಸ್ಟರಿನ ಮೇಲೆ ನೀಲಿ ದಾರ, ಮೂರು ಸುತ್ತು, ಎರಡು ಗಂಟು. ಅವಳದೇ ಹೊಲಿಗೆ ಡಬ್ಬಿಯ ದಾರ. ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ಗಂಡ ಮನೆಯಲ್ಲಿ ಏನೇ ರಿಪೇರಿ ಮಾಡಲಿ, ಕನ್ನಡಕದ ಕಾಲಾಗಲಿ, ಛತ್ರಿಯ ಕಡ್ಡಿಯಾಗಲಿ, ಕೊನೆಗೆ ಅವಳ ದಾರವನ್ನೇ ಕದ್ದು ಹೀಗೇ ಬಿಗಿಯುತ್ತಿದ್ದ.

ಮೆಷಿನ್ ಮನೆಗೆ ಬಂದ ವಾರ ಅವನು ಮೆಲ್ಲಗೆ ಒಂದು ಮಾತು ಎತ್ತಿದ್ದ: “ಉಣ್ಣೆಗೆ ಅಷ್ಟು ಬಿಸಿ ಬೇಡ ಕಣೇ.” “ಗಾಜಿನ ಕೊಳವೆ ತೊಳೆಯೋದು ನಿಮ್ಮ ಕೆಲಸ, ಬಟ್ಟೆ ಒಗೆಯೋದು ನಂದು” ಎಂದು ಆಕೆ ಬಾಯಿ ಮುಚ್ಚಿಸಿದ್ದಳು. ಅವನು “ಹೂಂ” ಅಂದಿದ್ದ. ಅವನು ಯಾವುದಕ್ಕೆ ತಾನೇ “ಹೂಂ” ಅನ್ನುತ್ತಿರಲಿಲ್ಲ. ಆ ಭಾನುವಾರ ಬೆಳಿಗ್ಗೆಯೆಲ್ಲ ಮೆಷಿನ್ನಿನ ಹಿಂದೆ ಕೂತು ‘ಧೂಳು ಒರೆಸಿದ್ದ’. ಪಾಪ, ಎಷ್ಟು ಒಪ್ಪ ಎಂದು ಆಕೆ ಎರಡು ಸಲ ಚಹಾ ಮಾಡಿಕೊಟ್ಟಿದ್ದಳು. ಆಮೇಲೆ ಮನೆಗೆ ಬಂದ ನಾದಿನಿಗೆ, ಓರಗಿತ್ತಿಗೆ, ಪಕ್ಕದ ಮನೆಯವರಿಗೆ, ಅರವತ್ತು ಡಿಗ್ರಿಗೆ ಮಾತ್ರ ಬಟ್ಟೆ ಇಷ್ಟು ಬೆಳ್ಳಗಾಗುವುದು ಎಂದು ಹನ್ನೊಂದು ವರ್ಷ ಪಾಠ ಮಾಡಿದ್ದಳು. ಪೇಪರಿನ ಹಿಂದಿನಿಂದ ಅವನು, “ಹೌದೌದು, ಅರವತ್ತು” ಎಂದು ತಾಳ ಹಾಕುತ್ತಿದ್ದ.

ಅವನು ಸತ್ತಾಗ ಮಾತಾಡಿಸಲು ಬಂದವರ ಮುಂದೆಲ್ಲ ಆಕೆ ಹೇಳಿಕೊಂಡು ಅತ್ತಿದ್ದೂ ಇದನ್ನೇ: ಒಂದು ದಿನವೂ ನನಗೆ ಎದುರಾಡಿದವರಲ್ಲ, ನಾನು ಹಾಕಿದ ಗೆರೆ ದಾಟಿದವರಲ್ಲ.

ಆಕೆಗೆ ಮೊದಲು ನಗು ಬಂತು. ನಗುನಗುತ್ತಲೇ ಸ್ಟೂಲಿನ ಮೇಲೆ ಕುಸಿದು, ಆ ಗೇಣುದ್ದದ ಸ್ವೆಟರನ್ನು ಮುಖಕ್ಕೊತ್ತಿಕೊಂಡಳು. ಈ ಎಂಟು ತಿಂಗಳಲ್ಲಿ ಅವನು ಬೇಕು ಎಂದು ಇಷ್ಟು ಅನ್ನಿಸಿರಲಿಲ್ಲ. ಒಂದು ಗಂಟೆಯ ಮಟ್ಟಿಗೆ ಬಂದರೂ ಸಾಕಿತ್ತು, ಮನಸ್ಸು ತುಂಬ ಜಗಳವಾಡಬಹುದಿತ್ತು.

“ಕಳ್ಳ” ಎಂದಳು. “ಇದ್ದಿದ್ರೆ ಇವತ್ತು ಗ್ರಹಚಾರ ಬಿಡಿಸ್ತಿದ್ದೆ.”

ಮೆಕ್ಯಾನಿಕ್ ಕಟಿಂಗ್ ಪ್ಲೈಯರ್ ಕೈಗೆತ್ತಿಕೊಂಡ. “ಇದನ್ನ ಕತ್ತರಿಸಿ ತೆಗೆದುಬಿಡ್ತೀನಿ ಅಮ್ಮಾ. ಇನ್ಮೇಲೆ ನೀವೇ ಗುಂಡಿ ಮೂವತ್ತಕ್ಕೆ ತಿರುಗಿಸಿದ್ರೆ ಆಯ್ತು. ಆ ಇನ್ನೊಂದು ಸ್ವೆಟರ್‌ಗೆ ಏನೂ ಆಗಲ್ಲ.”

“ಮೂವತ್ತಕ್ಕೆ ತಿರುಗಿಸಿದ್ರೆ ಅವರೇ ಗೆದ್ದ ಹಾಗಾಗತ್ತೆ” ಎಂದು ಆಕೆ ಕಣ್ಣೊರೆಸಿಕೊಂಡಳು. “ಅದನ್ನ ಮೊದಲಿದ್ದ ಹಾಗೇ ಬೆಸುಗೆ ಹಾಕಿ.”