ನಾಳೆಗೆ ಉಳಿಯಬೇಕಾದ ಬಿಸಿ

ಒಂದು ದಿನ ಚೆನ್ನಾಗಿ ಬಿಸಿಲು ಬಿದ್ದರೆ ಸಾಕು, ತಾರಸಿಯ ಸೋಲಾರ್ ಟ್ಯಾಂಕಿನ ನೀರು ಮಾರನೆಯ ಸಂಜೆಯವರೆಗೂ ಆರುತ್ತಿರಲಿಲ್ಲ. ಮನೆಯಲ್ಲಿದ್ದವರೇ ಇಬ್ಬರು. ಬೆಳಿಗ್ಗೆ ಇಬ್ಬರ ಸ್ನಾನವಾದ ಮೇಲೂ, ಶಾಲೆಯಲ್ಲಿ ಪಾಠ ಹೇಳಿ ದಣಿದು ಬರುವ ವಾರಿಜಾಳಿಗೆ ಇನ್ನೊಂದು ಸ್ನಾನಕ್ಕಾಗುವಷ್ಟು ಬಿಸಿನೀರು ಮಿಕ್ಕಿರುತ್ತಿತ್ತು. ಈಗ ಎರಡು ತಿಂಗಳಿಂದ ಸಂಜೆ ನಲ್ಲಿ ತಿರುಗಿಸಿದರೆ ಬರುವುದು ತಣ್ಣೀರು.

ಅದೇ ಎರಡು ತಿಂಗಳಿಂದ, ನಿವೃತ್ತನಾಗಿ ಮನೆಯಲ್ಲೇ ಇರುವ ಗಂಡ ಹೊರಗಿನ ಕೋಣೆಯಲ್ಲಿ ಬೇರೆ ಮಲಗುತ್ತಿದ್ದ. ಆ ಕೋಣೆಯಲ್ಲಿ ಹಗಲೆಲ್ಲ ಊದುಬತ್ತಿಯ ಘಮ.

"ಮಧ್ಯಾಹ್ನ ಯಾರ್ರೀ ಬಂದಿದ್ರು?"

"ಯಾರು ಬರ್ತಾರೆ?"

"ಹಾಗಾದ್ರೆ ಬಿಸಿನೀರೆಲ್ಲ ಯಾರು ಮೈಮೇಲೆ ಸುರ್ಕೊಂಡ್ರು?"

"ಟ್ಯಾಂಕ್ ಕೆಟ್ಟಿರಬೇಕು ಕಣೇ."

"ನನ್ನ ಗೊರಕೆಗೆ ನಿದ್ದೆ ಬರಲ್ಲ ಅಂತ ಕೋಣೆ ಬದಲಾಯಿಸಿದ್ರಿ. ಮೂವತ್ತು ವರ್ಷ ಕೇಳಿಸದ ಗೊರಕೆ ಈಗ ಕೇಳಿಸ್ತಾ?"

ಅವನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ.

ಭಾನುವಾರ ಅವಳೇ ರಿಪೇರಿಯವನನ್ನು ಕರೆಸಿದಳು. "ನಾನೇ ಹತ್ತಿ ನೋಡ್ತೀನಿ ಬಿಡು," ಎಂದು ಗಂಡ ತಾರಸಿಯ ಮೆಟ್ಟಿಲಿಗೆ ಅಡ್ಡ ನಿಂತ.

"ಅಲ್ಲೇನು ಬಚ್ಚಿಟ್ಟಿದ್ದೀರಿ?"

ಅವನು ಪಕ್ಕಕ್ಕೆ ಸರಿದ.

ಹತ್ತು ನಿಮಿಷಕ್ಕೆ ರಿಪೇರಿಯವನು ಕೈ ಒರೆಸಿಕೊಳ್ಳುತ್ತ ಇಳಿದು ಬಂದ.

"ಟ್ಯಾಂಕ್‌ಗೇನೂ ಆಗಿಲ್ಲಮ್ಮ. ಮನೇಲಿ ಎಳೆಕೂಸು ಇದ್ರೆ ಬಿಸಿನೀರು ಎಷ್ಟಿದ್ರೂ ಸಾಲಲ್ಲ. ಟ್ಯಾಂಕಿನ ಹಿಂದೆ ಒಣಹಾಕಿದ್ರಲ್ಲ, ಆ ಬೆಡ್‌ಶೀಟು, ಹಾಸಿಗೆ ನೆನೆಯದ ಹಾಗೆ ಹಾಸೋ ರಬ್ಬರ್ ಶೀಟು, ಎರಡನ್ನೂ ಬಿಸಿಲಿಗೆ ಸರಿಸಿದ್ದೀನಿ."