ತಣ್ಣಗಾಗು ತಾಯಿ

ಚಿನ್ನುವಿನ ಎದೆಯ ಮೇಲೆ ಕೆಂಪು ದದ್ದು ಕಂಡದ್ದೇ ತಡ, ಅಜ್ಜಿ ಮಾಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. "ಅಮ್ಮ ಬಂದವ್ಳೆ! ಇನ್ನು ಮಾತ್ರೆ, ಸೂಜಿ ಅಂತ ಯಾರಾದ್ರೂ ಬಾಯಿ ಬುಟ್ರೆ ನೋಡಿ." ಮನೆಯಲ್ಲಿ ಒಗ್ಗರಣೆಯೂ ನಿಂತಿತು. ಆರು ವರ್ಷದ ಮಗು, ಮೂರು ದಿನದ ಜ್ವರ.

"ಅತ್ತೆ, ಕಣ್ಣೂ ಕೆಂಪಗಾಗವೆ, ಹೊಟ್ಟೆನೋವು ಅಂತ ಒದ್ದಾಡ್ತಾವ್ಳೆ," ಎಂದಳು ಸೊಸೆ ಪ್ರಿಯಾಂಕ. "ಓದ ತಿಂಗ್ಳು ನಮಗೆಲ್ಲ ಕೊರೋನಾ ಬಂದಿತ್ತಲ್ಲ, ಅದೇನಾದ್ರೂ..."

"ಇವ್ಳಿಗೆಲ್ಲಿ ಬಂದಿತ್ತು? ಎಲ್ಡು ಸಲ ಸೀನಿದ್ಲು, ಅಷ್ಟೆಯ. ಮಕ್ಳಿಗೆ ಅದು ಏನೂ ಮಾಡಕಿಲ್ಲ ಅಂತ ಊರೇ ಏಳ್ತದೆ. ಸುಮ್ಕಿರು!"

ಮಾರನೆಯ ದಿನ ಆಶಾ ಕಾರ್ಯಕರ್ತೆ ಸ್ನೇಹ ಬಂದಳು. ಕೊರೋನಾ ಹೊತ್ತಿನಲ್ಲಿ ಬೈಸಿಕೊಂಡೂ ದೇವಲಾಪುರದ ಮನೆಮನೆ ಹೊಕ್ಕವಳು. ಬಾಗಿಲ ಬೇವು ಕಂಡವಳೇ ಚಪ್ಪಲಿ ಬಿಟ್ಟು ಬೀದಿಯಲ್ಲೇ ಕೈಮುಗಿದು ಹಾಗೇ ಹೊರಟುಹೋದಳು. ಓದಿದವಳೂ ಅಷ್ಟೇ. ಯಾರಿಗೆ ಹೇಳೋಣ!

ಐದನೆಯ ದಿನ ಬೆಳಿಗ್ಗೆ ಮಾಯಮ್ಮ ಮೊಮ್ಮಗಳ ಪಾದ ಮುಟ್ಟಿ ಕೂಗಿದಳು. "ಏ ಪ್ರಿಯಾಂಕ, ಬಾ ಇಲ್ಲಿ! ತಣ್ಣಗಾಗವ್ಳೆ ಕಣೆ! ಅಮ್ಮ ಇಳಿದ್ಬುಟ್ಲು!" ಪ್ರಿಯಾಂಕಳೂ ಮುಟ್ಟಿ ನೋಡಿದಳು. ಹೌದು, ಕೈಕಾಲೆಲ್ಲ ತಣ್ಣಗೆ. ಅವಳಿಗೂ ಅಳು ಬಂತು, ಅವಳೂ ಕೈಮುಗಿದಳು. ಇಬ್ಬರೂ ಸೇರಿ ಅಮ್ಮನಿಗೆ ಮೊಸರನ್ನದ ಎಡೆ ಇಟ್ಟರು.

ಮಧ್ಯಾಹ್ನ ಅದೇ ಮೊಸರನ್ನದ ತುತ್ತು ಬಾಯಿಗಿಟ್ಟರೆ ಮಗು ನುಂಗಲಿಲ್ಲ. ಕರೆದರೆ ಕಣ್ಣು ಬಿಡಲಿಲ್ಲ. ಪ್ರಿಯಾಂಕ ಇನ್ನು ಯಾರ ಮಾತನ್ನೂ ಕೇಳದೆ ಮಗುವನ್ನು ಎತ್ತಿಕೊಂಡು ನಾಗಮಂಗಲಕ್ಕೆ ಆಟೋ ಹತ್ತಿದಳು. ಮಾಯಮ್ಮ ಬೈಯುತ್ತಲೇ ಜೊತೆಗೆ ಹತ್ತಿದಳು.

ಡಾಕ್ಟರು ಪಾದ ಮುಟ್ಟಿದವರೇ ನರ್ಸನ್ನು ಕೂಗಿದರು. "ಬಿ.ಪಿ. ಸಿಗ್ತಿಲ್ಲ! ಆಂಬ್ಯುಲೆನ್ಸ್ ಕರೀರಿ, ಮಂಡ್ಯಕ್ಕೆ." ಆಮೇಲೆ ತಾಯಿಯತ್ತ ತಿರುಗಿದರು. "ಈ ಮಗುಗೂ ಕೊರೋನಾ ಬಂದು ಹೋಗಿರ್ಬೇಕು ಕಣಮ್ಮ. ಎಲ್ಲೋ ಕೆಲವು ಮಕ್ಕಳಿಗೆ ತಿಂಗಳಾದ ಮೇಲೆ ಹೀಗೆ ತಿರುಗಿಕೊಳ್ಳುತ್ತೆ. ದದ್ದು ಕಂಡ ದಿನವೇ ತಂದಿದ್ರೆ ಔಷಧಿ ಇತ್ತು. ಈಗ ಕೈಕಾಲಿಗೆ ರಕ್ತವೇ ಓಡ್ತಿಲ್ಲ, ಅದಕ್ಕೇ ಇಷ್ಟು ತಣ್ಣಗಿದೆ. ಯಾವಾಗಿಂದ ಹೀಗೆ?"

ಪ್ರಿಯಾಂಕ ಮಗುವಿನ ಪಾದಗಳನ್ನು ಅಂಗೈಯಲ್ಲಿ ಹಿಡಿದು ಉಜ್ಜತೊಡಗಿದಳು. ಮಾಯಮ್ಮನಿಗೆ ಅಷ್ಟರಲ್ಲಿ ಕೇಳಿಸಿದ್ದು 'ತಣ್ಣಗಿದೆ' ಎಂಬ ಒಂದೇ ಮಾತು. ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಒತ್ತಾರೆಯಿಂದ್ಲೇ ಸ್ವಾಮಿ. ತಣ್ಣಗಾಗು ತಾಯಿ ಅಂತ ನಾನೇ ಅರಕೆ ಕಟ್ಕಂಡಿದ್ದೆ."